ಪಿಡುಗಿನ ಕಾಲದಲ್ಲಿ ವಿಮೆಯ ಕಾಗದ



ಕನ್ನಡದಲ್ಲಿ ನಾವು ವಿಮೆ ಅನ್ನುತ್ತೇವೆ, ಮರಾಠಿಯಲ್ಲಿ ವಿಮಾ ಅನ್ನುತ್ತೇವೆ. ಎರಡೂ ಪಾರಸಿಯ ಬೀಮಾ ಎಂಬ ಒಂದೇ ಶಬ್ದದಿಂದ ಹುಟ್ಟಿದವು. ಕಂತಿಗೆ ನಮ್ಮ ಮಹಾಗಾಂವ, ಗಡಹಿಂಗ್ಲಜ ಕಡೆ ಮನೆಯಲ್ಲಿ ಕನ್ನಡ ಮಾತಾಡುವವರೂ ಹಪ್ತಾ ಎಂದೇ ಹೇಳುತ್ತಾರೆ. ಅಪಘಾತ ಎಂಬ ಶಬ್ದವಂತೂ ಎರಡೂ ಭಾಷೆಗಳಲ್ಲಿ ಒಂದೇ. ಶಬ್ದಗಳ ಮಾತನ್ನು ಮೊದಲಿಗೇ ಎತ್ತಲು ಕಾರಣವಿದೆ. 2020ರಲ್ಲಿ ಕೊರೋನಾ ಬಂದಾಗ, ಪಾಲಿಸಿಯ ಕಾಗದದಲ್ಲಿ ಬರೆದ ಒಂದೊಂದು ಶಬ್ದದ ಮೇಲೆ ಒಂದೊಂದು ಮನೆಯ ಲಕ್ಷಗಟ್ಟಲೆ ರೂಪಾಯಿ ನಿಂತಿತ್ತು. ಆ ಕಾಗದ ಇಂಗ್ಲಿಷಿನಲ್ಲಿ. ಮಾರಿದ ಏಜೆಂಟ ಮರಾಠಿಯಲ್ಲಿ ವಿವರಿಸಿದ್ದ. ಸಹಿ ಮಾಡಿದವರು ಅದನ್ನು ಕನ್ನಡದಲ್ಲಿ ಅರ್ಥ ಮಾಡಿಕೊಂಡಿದ್ದರು. ಮೂರು ಭಾಷೆಗಳ ನಡುವೆ ಎಷ್ಟು ಸೋರಿ ಹೋಗಬಹುದು ಎಂಬುದು ನಮಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

ಪಿಡುಗು ನಮ್ಮ ಭಾಗಕ್ಕೆ ಹೊಸದಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಒಂದೆರಡು ವರ್ಷದಲ್ಲೇ ರೈಲುಹಾದಿ ಹಿಡಿದು ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನು ಮುಟ್ಟಿತು. ಮಂದಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದ ಕಥೆಯನ್ನು ಹಳಬರ ಬಾಯಿಂದ ಕೇಳಿದವರು ಈಗಲೂ ಇದ್ದಾರೆ. 1897ರಲ್ಲಿ ಬ್ರಿಟಿಷ್ ಸರಕಾರ ಸಾಂಕ್ರಾಮಿಕ ರೋಗಗಳ ಕಾಯ್ದೆ ಮಾಡಿತು. ರೈಲಿನ ಪ್ರಯಾಣಿಕರನ್ನು ಇಳಿಸಿ ತಪಾಸಣೆ ಮಾಡುವುದು, ಜಾತ್ರೆಗೆ ತಡೆ ಹಾಕುವುದು, ಎಲ್ಲವೂ ಆಗ ನಡೆದವು. ಅದೇ 1897ರ ಕಾಯ್ದೆಯನ್ನು 2020ರ ಮಾರ್ಚಿನಲ್ಲಿ ಮತ್ತೆ ಹೊರತೆಗೆದರು. ಪ್ಲೇಗಿನ ಕಾಲದಲ್ಲಿ ನಮ್ಮ ಹಳ್ಳಿಗಳಲ್ಲಿ ವಿಮೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಭಾರತೀಯರ ಜೀವಕ್ಕೆ ಹೆಚ್ಚಿನ ದರ ಹಾಕದೆ ವಿಮೆ ಕೊಡುವ ಬಾಂಬೆ ಮ್ಯೂಚುವಲ್ ಸಂಸ್ಥೆ 1870ರಲ್ಲೇ ಹುಟ್ಟಿದ್ದರೂ, ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಸರಕಾರಿ ವಿಮಾ ಇಲಾಖೆ ತೆರೆದಿದ್ದರೂ, ಅದು ಪಗಾರದಾರರ ಮಾತು. ಹೊಲದವನಿಗೆ ಅದರ ಗೊಡವೆ ಇರಲಿಲ್ಲ. 2020ರ ಹೊತ್ತಿಗೆ ಪರಿಸ್ಥಿತಿ ಬೇರೆಯಾಗಿತ್ತು. ಬಡವನ ಬ್ಯಾಂಕಿನ ಖಾತೆಯಿಂದಲೂ ವರ್ಷಕ್ಕೊಮ್ಮೆ ವಿಮೆಯ ಹಣ ಕಡಿತವಾಗುತ್ತಿತ್ತು. ಹಾಗಾಗಿ ಪಿಡುಗಿನಲ್ಲಿ ವಿಮೆ ಏನು ಮಾಡಿತು, ಏನು ಮಾಡಲಿಲ್ಲ ಎಂಬುದು ಈ ಸಲ ನಮ್ಮ ಮನೆಯ ಪ್ರಶ್ನೆಯೇ ಆಗಿತ್ತು.

ಮೊದಲು, ವಿಮಾ ಕಂಪನಿಗಳು ಪಿಡುಗು ಅಂದರೆ ಯಾಕೆ ಹೆದರುತ್ತವೆ ನೋಡೋಣ. ನಮ್ಮ ಕಡೆ ಹೆಣ್ಣುಮಕ್ಕಳು ಭಿಶಿ ನಡೆಸುತ್ತಾರೆ. ಇಪ್ಪತ್ತು ಜನ ಸೇರಿ ತಿಂಗಳಿಗಿಷ್ಟು ಎಂದು ಹಾಕುತ್ತಾರೆ, ಒಂದೊಂದು ತಿಂಗಳು ಒಬ್ಬೊಬ್ಬರು ಎತ್ತುತ್ತಾರೆ. ಇಪ್ಪತ್ತೂ ಜನ ಒಂದೇ ತಿಂಗಳಲ್ಲಿ ‘ನನಗೇ ಬೇಕು’ ಎಂದು ಬಂದು ಕೂತರೆ ಭಿಶಿ ಒಡೆಯುತ್ತದೆ. ವಿಮೆಯೂ ಸುಮಾರು ಹೀಗೆಯೇ. ಸಾವಿರ ಮನೆಯವರು ಹಪ್ತಾ ಕಟ್ಟುತ್ತಾರೆ, ವರ್ಷದಲ್ಲಿ ಹತ್ತು ಮನೆಗೆ ಕಷ್ಟ ಬರುತ್ತದೆ, ಆ ಸಾವಿರದ ಹಣ ಈ ಹತ್ತಕ್ಕೆ ಹೋಗುತ್ತದೆ. ಒಂದು ಬಣವೆಗೆ ಬೆಂಕಿ ಬಿದ್ದರೆ ಲೆಕ್ಕ ಸರಿ. ಇಡೀ ಊರಿನ ಬಣವೆಗಳಿಗೆ ಒಂದೇ ರಾತ್ರಿ ಬೆಂಕಿ ಬಿದ್ದರೆ? ಪಿಡುಗು ಅಂಥ ಬೆಂಕಿ. ಅದಕ್ಕೇ 2003ರಲ್ಲಿ ಸಾರ್ಸ್ ರೋಗ ಏಷ್ಯಾದಲ್ಲಿ ಹರಡಿದ ಮೇಲೆ ಜಗತ್ತಿನ ಅನೇಕ ಕಂಪನಿಗಳು, ಅದರಲ್ಲೂ ಪ್ರವಾಸ ಮತ್ತು ವ್ಯಾಪಾರದ ವಿಮೆ ಮಾಡುವವರು, ‘ಸಾಂಕ್ರಾಮಿಕ ಪಿಡುಗಿನಿಂದ ಆದ ನಷ್ಟಕ್ಕೆ ನಾವು ಹೊಣೆಯಲ್ಲ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿಟ್ಟುಕೊಂಡರು. ಲಂಡನ್ನಿನ ವಿಂಬಲ್ಡನ್ ಟೆನಿಸ್ ಸಂಸ್ಥೆಯವರು ಮಾತ್ರ ತದ್ವಿರುದ್ಧ ದಾರಿ ಹಿಡಿದರು. ಅವರು ಪಿಡುಗಿಗೂ ಸೇರಿಸಿ ವಿಮೆ ಮಾಡಿಸಿ ಸುಮಾರು 17 ವರ್ಷ ಬಿಡದೆ, ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ಕಟ್ಟುತ್ತ ಬಂದಿದ್ದರಂತೆ. 2020ರ ಪಂದ್ಯ ರದ್ದಾದಾಗ 14 ಕೋಟಿ ಡಾಲರಿನಷ್ಟು ಪರಿಹಾರ ಅವರ ಕೈಗೆ ಬರಲಿದೆ ಎಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಶ್ರೀಮಂತರ ಮಾತು ಬಿಡಿ. ಆದರೂ ಹದಿನಾರು ವರ್ಷ ‘ಹಣ ದಂಡವಾಯಿತು’ ಅನ್ನದೆ ಕಟ್ಟಿದರಲ್ಲ, ಅದು ನೋಡುವಂಥದ್ದು.

ಈಗ ನಮ್ಮ ದೇಶಕ್ಕೆ ಬರೋಣ. 2020ರ ಮಾರ್ಚ್ 4ರಂದೇ ವಿಮಾ ನಿಯಂತ್ರಣ ಪ್ರಾಧಿಕಾರದವರು ಒಂದು ಸುತ್ತೋಲೆ ಹೊರಡಿಸಿದರು. ದವಾಖಾನೆಯ ಖರ್ಚಿಗೆ ವಿಮೆ ಇದ್ದವರಿಗೆ ಕೊರೋನಾ ಬಂದರೆ ಅದನ್ನೂ ಉಳಿದ ರೋಗದ ಹಾಗೆಯೇ ನೋಡಬೇಕು, ಬೇಗ ಇತ್ಯರ್ಥ ಮಾಡಬೇಕು ಎಂಬುದು ಅದರ ಸಾರ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಜಾಗತಿಕ ಪಿಡುಗು ಎಂದು ಕರೆದದ್ದು ಮಾರ್ಚ್ 11ಕ್ಕೆ. ಅಂದರೆ ಸುತ್ತೋಲೆ ಒಂದು ವಾರ ಮುಂದಿತ್ತು. ಸರಕಾರಿ ಕಚೇರಿ ಕಾಲಕ್ಕಿಂತ ಮುಂದೆ ಇರುವುದು ಅಪರೂಪ. ಆದದ್ದನ್ನು ಆದ ಹಾಗೆ ಹೇಳಬೇಕು. ಜೀವವಿಮೆಯ ಕಂಪನಿಗಳೂ ಏಪ್ರಿಲ್ ತಿಂಗಳಲ್ಲಿ, ‘ದೈವಿಕ ಆಪತ್ತು ಎಂಬ ನೆಪ ಹೇಳಿ ಕೊರೋನಾ ಸಾವಿನ ಕ್ಲೇಮನ್ನು ನಾವು ತಳ್ಳಿಹಾಕುವುದಿಲ್ಲ’ ಎಂದು ಒಟ್ಟಾಗಿ ಸಾರಿದವು. ಮಾರ್ಚ್ 25ರಿಂದ ಲಾಕ್‌ಡೌನ್ ಆಯಿತು, ಹಪ್ತಾ ಕಟ್ಟಲು ಬ್ಯಾಂಕಿಗೆ ಹೋಗುವ ಹಾಗಿಲ್ಲ. ಜೀವವಿಮೆಗೆ ಇನ್ನೂ 30 ದಿನ ಸವಲತ್ತು ಕೊಟ್ಟರು. ಲಾಕ್‌ಡೌನಿನಲ್ಲಿ ಅವಧಿ ಮುಗಿಯುವ ಆರೋಗ್ಯ ವಿಮೆ, ಗಾಡಿಯ ಥರ್ಡ್ ಪಾರ್ಟಿ ವಿಮೆಗಳನ್ನು ಮೇ 15ರ ತನಕ ಕಟ್ಟಬಹುದು ಎಂದರು.

ಕಾಗದದ ಮೇಲೆ ಇದೆಲ್ಲ ಸರಿ. ದವಾಖಾನೆಯ ಕೌಂಟರಿನಲ್ಲಿ ತೊಡಕು ಬೇರೆಯೇ ಇತ್ತು. ಹಳೆಯ ಪಾಲಿಸಿಗಳಲ್ಲಿ ಕೈಗವಸು, ಮಾಸ್ಕು, ಗೌನು ಇವೆಲ್ಲ ಬಳಸಿ ಬಿಸಾಡುವ ವಸ್ತುಗಳ ಲೆಕ್ಕ. ಅವಕ್ಕೆ ಹಣ ಇಲ್ಲ. ಮೊದಲು ಅದು ನೂರು ಇನ್ನೂರು ರೂಪಾಯಿಯ ಬಾಬತ್ತು, ಯಾರೂ ಕೇಳುತ್ತಿರಲಿಲ್ಲ. ಕೊರೋನಾದಲ್ಲಿ ಡಾಕ್ಟರು, ನರ್ಸು, ಕಸ ಗುಡಿಸುವವರು, ಎಲ್ಲರೂ ದಿನಕ್ಕೆ ಎಷ್ಟೋ ಸಲ ಆ ಬಿಳಿ ಪಿಪಿಇ ಅಂಗಿ ಬದಲಿಸಬೇಕು. ಬಿಲ್ಲಿನಲ್ಲಿ ಅದೇ ದೊಡ್ಡ ಮೊತ್ತವಾಗಿ ಕೂತಿತು. ವಿಮೆ ಇದ್ದವರೂ ಕೈಯಿಂದ ಕಟ್ಟಿದರು. ಇದನ್ನು ನೋಡಿಯೇ 2020ರ ಮೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ಖಾಸಗಿ ದವಾಖಾನೆಗಳ ನೂರರಲ್ಲಿ 80 ಹಾಸಿಗೆಗಳಿಗೆ ದರ ಗೊತ್ತು ಮಾಡಿತು. ಸಾದಾ ವಾರ್ಡಿಗೆ ದಿನಕ್ಕೆ 4,000, ತೀವ್ರ ನಿಗಾ ಘಟಕಕ್ಕೆ 7,500, ವೆಂಟಿಲೇಟರ್ ಇದ್ದರೆ 9,000 ರೂಪಾಯಿ. ಆ ಪಿಪಿಇ ಅಂಗಿಯ ದರ ಮಾತ್ರ ಇದರಲ್ಲಿ ಸೇರಿರಲಿಲ್ಲ.

ಆ ವರ್ಷದ ಜುಲೈ 10ರಿಂದ ಎರಡು ಹೊಸ ಪಾಲಿಸಿಗಳು ಬಂದವು. ಕೊರೋನಾ ಕವಚ ಮತ್ತು ಕೊರೋನಾ ರಕ್ಷಕ ಎಂದು ಹೆಸರು. ಎಲ್ಲ ಕಂಪನಿಗಳಲ್ಲೂ ನಿಯಮ ಒಂದೇ, ದರ ಮಾತ್ರ ಬೇರೆ. ಮೂರೂವರೆ, ಆರೂವರೆ, ಒಂಬತ್ತೂವರೆ ತಿಂಗಳ ಅವಧಿ. ಆ ಅರ್ಧ ತಿಂಗಳು ಯಾಕೆ ಎಂದರೆ, ಮೊದಲ 15 ದಿನ ಕಾಯುವ ಅವಧಿ. ಅಷ್ಟರಲ್ಲಿ ರೋಗ ಬಂದರೆ ಹಣ ಇಲ್ಲ. ಕವಚ ಎಂಬುದು ಖರ್ಚು ತುಂಬಿಕೊಡುವ ಪಾಲಿಸಿ. 50,000ದಿಂದ 5 ಲಕ್ಷದ ತನಕ. ಪಿಪಿಇ ಅಂಗಿ, ಕೈಗವಸು, ಮಾಸ್ಕಿಗೂ ಅದರಲ್ಲಿ ಹಣ ಇತ್ತು. ಡಾಕ್ಟರ ಸಲಹೆಯಂತೆ ಮನೆಯಲ್ಲೇ ಮಲಗಿ ಚಿಕಿತ್ಸೆ ಪಡೆದರೆ 14 ದಿನದ ಖರ್ಚೂ ಸಿಗುತ್ತಿತ್ತು. ಪೆಟ್ಟು ಬಿದ್ದ ಕಡೆ ನೋಡಿ ಹೊಲಿದ ಅಂಗಿ ಇದು ಎನ್ನಬಹುದು. ರಕ್ಷಕ ಬೇರೆ ಜಾತಿಯದು. ರೋಗ ಖಚಿತವಾಗಿ 72 ಗಂಟೆ ದವಾಖಾನೆಯಲ್ಲಿ ಇದ್ದರೆ ಸಾಕು, ಖರ್ಚು ಎಷ್ಟೇ ಆಗಿರಲಿ, ಪಾಲಿಸಿಯ ಪೂರ್ತಿ ಮೊತ್ತ ಒಂದೇ ಗಂಟು, ಎರಡೂವರೆ ಲಕ್ಷದ ತನಕ.

ಜಗಳ ಹೊತ್ತಿದ್ದು ಈ ರಕ್ಷಕದಲ್ಲೇ. ಜ್ವರ ಸಣ್ಣದಿದ್ದರೂ ಮೂರು ದಿನ ಮಲಗಿದರೆ ಎರಡೂವರೆ ಲಕ್ಷ ಎಂದರೆ ಮಲಗದವರು ಯಾರು? ಅಡ್ಮಿಟ್ ಮಾಡಿಕೊಳ್ಳುವ ದವಾಖಾನೆಗಳೂ ಇದ್ದವು. ಕಂಪನಿಗಳು, ‘ನಿಮ್ಮ ಲಕ್ಷಣ ಸೌಮ್ಯವಾಗಿತ್ತು, ಮನೆಯಲ್ಲೇ ಇರಬಹುದಿತ್ತು’ ಎಂದು ತಿರಸ್ಕರಿಸತೊಡಗಿದವು. ಅದರ ನಡುವೆ ನಿಜವಾಗಿ ನರಳಿದವನ ಅರ್ಜಿಯೂ ಸಿಕ್ಕಿಬಿತ್ತು. ಡಾಕ್ಟರ್ ಚೀಟಿ ಬರೆದು ಮಲಗಿಸಿದ ಮೇಲೆ, ಕಂಪನಿಯವರು ತಿಂಗಳಾದ ಮೇಲೆ ಮೇಜಿನ ಮುಂದೆ ಕೂತು ‘ಮಲಗಬೇಕಾಗಿರಲಿಲ್ಲ’ ಅನ್ನುವುದು ನನ್ನ ಮಟ್ಟಿಗೆ ಸರಿ ಕಾಣುವುದಿಲ್ಲ. ಹಾಗೆಂದು ಆಸೆಗೆ ಮಲಗಿದವರನ್ನು ಸಮರ್ಥಿಸಲಾರೆ. ಭಿಶಿಯ ಹಣ ಯಾರದು ಎಂಬುದನ್ನು ಅವರು ಮರೆತಿದ್ದರು. ಆ ಅಲ್ಪಾವಧಿ ಪಾಲಿಸಿಗಳ ಕಾಲ ಮುಗಿದಿದೆ. ಜಗಳ ಹೂಡುವ ಜಾಗ ಮಾತ್ರ ಇದೆ, ಅದನ್ನು ತಿಳಿದಿರಬೇಕು. ವಿಮಾ ಲೋಕಪಾಲರು, ಅಂದರೆ ಓಂಬುಡ್ಸ್‌ಮನ್, ನಮ್ಮ ಕೊಲ್ಹಾಪುರ ಜಿಲ್ಲೆಗೆ ಪುಣೆಯಲ್ಲಿ ಇದ್ದಾರೆ. ಕರ್ನಾಟಕದವರಿಗೆ ಬೆಂಗಳೂರಿನಲ್ಲಿ. ಶುಲ್ಕ ಇಲ್ಲ, ವಕೀಲರು ಬೇಡ. ಮೊದಲು ಕಂಪನಿಗೆ ಬರೆದು ದೂರು ಕೊಡಬೇಕು. ಅವರು ತಿರಸ್ಕರಿಸಿದರೆ ಒಂದು ವರ್ಷದೊಳಗೆ ಲೋಕಪಾಲರಿಗೆ ಅರ್ಜಿ ಹಾಕಬೇಕು.

ಇನ್ನು ಅಪಘಾತ ಎಂಬ ಶಬ್ದಕ್ಕೆ ಬರುತ್ತೇನೆ. ನಮ್ಮ ಹಳ್ಳಿಗಳಲ್ಲಿ ಎರಡು ಸರಕಾರಿ ವಿಮೆಗಳು ಬಹಳ ಮಂದಿಗೆ ಇವೆ. ಎರಡೂ 2015ರ ಮೇ 9ರಂದು ಶುರುವಾದವು. ಒಂದು ಜೀವನಜ್ಯೋತಿ, ಇನ್ನೊಂದು ಸುರಕ್ಷಾ. ಎರಡರಲ್ಲೂ 2 ಲಕ್ಷ ಎಂಬ ಅಂಕಿ ಇದೆ, ಎರಡೂ ಬ್ಯಾಂಕಿನಿಂದಲೇ ಕಡಿತವಾಗುತ್ತವೆ, ಹಾಗಾಗಿ ಎರಡೂ ಒಂದೇ ಎಂದು ಮಂದಿ ತಿಳಿದಿದ್ದಾರೆ. ಒಂದೇ ಅಲ್ಲ. ಜೀವನಜ್ಯೋತಿಯಲ್ಲಿ ಸಾವು ಯಾವ ಕಾರಣದಿಂದ ಆದರೂ ಹಣ ಬರುತ್ತದೆ. ಹೊಸದಾಗಿ ಸೇರಿದವರಿಗೆ ಮಾತ್ರ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಸಾವಿಗೆ ಇಲ್ಲ. ಸುರಕ್ಷಾದಲ್ಲಿ ಅಪಘಾತಕ್ಕೆ ಮಾತ್ರ ಹಣ. ಕೊರೋನಾದಿಂದ ತೀರಿಕೊಂಡವರ ಮನೆಯವರು ಸುರಕ್ಷಾದ ಕಾಗದ ಹಿಡಿದು ಬ್ಯಾಂಕಿಗೆ ಹೋದರೆ ಬರಿಗೈಯಲ್ಲಿ ಬರಬೇಕಾಗುತ್ತಿತ್ತು. ‘ಎಲ್ಲಿಂದಲೋ ಬಂದು ಅಕಸ್ಮಾತ್ ಅಂಟಿದ ರೋಗ, ಇದು ಅಪಘಾತ ಅಲ್ಲವೆ?’ ಎಂದು ಕೇಳುವುದು ಸಹಜವೇ. ಈ ಪ್ರಶ್ನೆಗೆ ಸುಪ್ರೀಂ ಕೋರ್ಟು ಕೊರೋನಾಕ್ಕಿಂತ ಒಂದು ವರ್ಷ ಮೊದಲೇ, 2019ರ ಮಾರ್ಚ್ 26ರಂದು, ಬೇರೊಂದು ಮೊಕದ್ದಮೆಯಲ್ಲಿ ಉತ್ತರ ಕೊಟ್ಟಿತ್ತು. ಚಹಾ ಕಾರಖಾನೆಯ ಮ್ಯಾನೇಜರರೊಬ್ಬರು ಆಫ್ರಿಕಾದ ಮೊಜಾಂಬಿಕ್ ದೇಶಕ್ಕೆ ನೌಕರಿಗೆ ಹೋಗಿ ಅಲ್ಲಿ ಮಲೇರಿಯಾದಿಂದ ತೀರಿಕೊಂಡರು. ಮನೆಸಾಲದ ಜೊತೆ ಅಪಘಾತ ವಿಮೆ ಇತ್ತು. ಸೊಳ್ಳೆ ಕಡಿದದ್ದು ಯಾರೂ ಬಯಸದೆ ಆದದ್ದು, ಆದ್ದರಿಂದ ಅಪಘಾತ ಎಂಬುದು ಹೆಂಡತಿಯ ವಾದ. ಗ್ರಾಹಕ ಆಯೋಗಗಳು ಆಕೆಯ ಪರವಾಗಿ ಹೇಳಿದ್ದವು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಆ ದೇಶದಲ್ಲಿ ಮೂವರಲ್ಲಿ ಒಬ್ಬರಿಗೆ ಮಲೇರಿಯಾ ಬರುತ್ತದೆ, ಅಲ್ಲಿ ಸೊಳ್ಳೆ ಕಡಿದು ರೋಗ ಬರುವುದನ್ನು ಆಕಸ್ಮಿಕ ಅನ್ನಲಾಗದು ಎಂದಿತು. ನ್ಯಾಯ ತಿಳಿದವರ ತರ್ಕ ಗಟ್ಟಿಯೇ ಇರಬಹುದು. ಕೇಳಿದಾಗ ಮನಸ್ಸಿಗೆ ಮಾತ್ರ ಕಹಿಯಾಗುತ್ತದೆ.

ಪ್ರವಾಸದ ವಿಮೆಯಲ್ಲೂ ಇದೇ ಶಬ್ದ ಆಡಳಿತ ನಡೆಸುತ್ತದೆ. ನಮ್ಮ ಮಂದಿಗೆ ಪ್ರವಾಸದ ವಿಮೆ ಎಂದರೆ ಅಮೇರಿಕಕ್ಕೆ ಹೋಗುವವರ ಸಂಗತಿ ಅನ್ನಿಸುತ್ತದೆ. ಹಾಗೇನಿಲ್ಲ. ಮಹಾರಾಷ್ಟ್ರದ ಎಸ್.ಟಿ. ಬಸ್ಸಿನ ಟಿಕೆಟಿನಲ್ಲಿ 2016ರಿಂದ 1 ರೂಪಾಯಿ ಅಪಘಾತ ಸಹಾಯ ನಿಧಿಗೆ ಹೋಗುತ್ತದೆ. ರೈಲಿನ ಟಿಕೆಟನ್ನು ಆನ್‌ಲೈನ್‌ನಲ್ಲಿ ತೆಗೆಯುವಾಗ ಕೆಲವೇ ಪೈಸೆಗೆ 10 ಲಕ್ಷದ ವಿಮೆ ಬೇಕೆ ಎಂದು ಕೇಳುತ್ತದೆ. ನಮ್ಮ ಹುಡುಗರು ಓದದೆ ಬೇಡ ಎಂದು ಒತ್ತಿಬಿಡುತ್ತಾರೆ. ಕೊಲ್ಲಿ ದೇಶಗಳಿಗೆ ಕೂಲಿಗೆ ಹೋಗುವವರಿಗೆ ಪ್ರವಾಸಿ ಭಾರತೀಯ ಬೀಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275 ರೂಪಾಯಿಗೆ 10 ಲಕ್ಷ. ಆಷಾಢಿಗೆ ಪಂಢರಪುರಕ್ಕೆ ನಡೆದುಹೋಗುವ ವಾರಕರಿಗಳಿಗೂ 2023ರಲ್ಲಿ ಮಹಾರಾಷ್ಟ್ರ ಸರಕಾರ ವಿಠ್ಠಲ-ರುಕ್ಮಿಣಿಯ ಹೆಸರಿನಲ್ಲಿ 30 ದಿನದ ವಿಮಾ ಛತ್ರ ಘೋಷಿಸಿತು. ದಾರಿಯಲ್ಲಿ ತೀರಿಕೊಂಡರೆ ಮನೆಯವರಿಗೆ 5 ಲಕ್ಷ, ಔಷಧೋಪಚಾರಕ್ಕೆ 35,000ದ ತನಕ ಎಂದಿತು. 2020ರ ಆಷಾಢಿಯಲ್ಲಿ ವಾರಿಯೇ ನಡೆಯಲಿಲ್ಲ, ಪಾದುಕೆಗಳು ಬಸ್ಸಿನಲ್ಲಿ ಹೋದವು. ಅದನ್ನು ನೋಡಿದವರಿಗೆ ಈ ಛತ್ರ ಎಂಬ ಹೆಸರಿನ ತೂಕ ಗೊತ್ತಾಗುತ್ತದೆ. ಆದರೆ ಬಸ್ಸು, ರೈಲಿನ ವಿಮೆಗಳು ಅಪಘಾತಕ್ಕೆ ಮಾತ್ರ. ಬಸ್ಸಿನಲ್ಲಿ ಪಕ್ಕದವನಿಂದ ರೋಗ ಅಂಟಿದರೆ ಟಿಕೆಟಿನ ಆ ಒಂದು ರೂಪಾಯಿ ಏನೂ ಮಾಡಲಾರದು.

ವಿದೇಶ ಪ್ರವಾಸದ ವಿಮೆ ಕೊರೋನಾದಲ್ಲಿ ಮೂರು ಮಗ್ಗುಲು ಹೊರಳಿತು. ಮೊದಲನೆಯದು, 2020ರ ಜನವರಿಯ ಕೊನೆಯ ಹೊತ್ತಿಗೆ ಹೊರದೇಶದ ಅನೇಕ ಕಂಪನಿಗಳು, ‘ಇದು ಈಗ ಎಲ್ಲರಿಗೂ ತಿಳಿದ ಸಂಗತಿ, ಇನ್ನು ಮೇಲೆ ಪಾಲಿಸಿ ಕೊಂಡವರಿಗೆ ಇದರಿಂದ ರದ್ದಾದ ಪ್ರವಾಸದ ಹಣ ಇಲ್ಲ’ ಎಂದು ಬಾಗಿಲು ಹಾಕಿದವು. ಮನೆಗೆ ಬೆಂಕಿ ಹತ್ತಿದ ಮೇಲೆ ವಿಮೆ ಕೊಡುವವರು ಯಾರೂ ಇಲ್ಲ, ಅಷ್ಟು ಮಟ್ಟಿಗೆ ಸರಿ. ಎರಡನೆಯದು, ಮಾರ್ಚ್ 22ರಿಂದ ಹೊರದೇಶದ ವಿಮಾನಗಳು ನಿಂತವು. ಮಗಳ ಬಾಣಂತನಕ್ಕೆಂದು ಹೋದ ತಾಯಂದಿರು ಅಲ್ಲೇ ಉಳಿದರು. ಪಾಲಿಸಿಯ ದಿನ ಮುಗಿಯಿತು, ವಯಸ್ಸು ಅರವತ್ತು ದಾಟಿದೆ, ಬಿ.ಪಿ., ಸಕ್ಕರೆ ರೋಗ ಇವೆ, ಆ ದೇಶದ ದವಾಖಾನೆಯ ಖರ್ಚು ಕೇಳುವ ಹಾಗಿಲ್ಲ. ಕೆಲವು ಕಂಪನಿಗಳು ಅವಧಿ ಬೆಳೆಸಿಕೊಟ್ಟವು. ಮೇ 7ರಿಂದ ವಂದೇ ಭಾರತ್ ವಿಮಾನಗಳು ಶುರುವಾಗಿ ಮಂದಿ ಮರಳಿದರು. ಮೂರನೆಯದು ವಿಚಿತ್ರ. ಮೊದಲು ಯಾವುದಕ್ಕೆ ಬಾಗಿಲು ಹಾಕಿದ್ದರೋ ಅದನ್ನೇ ಮುಂದಿಟ್ಟುಕೊಂಡು ಮಾರತೊಡಗಿದರು. ದುಬೈಯ ಎಮಿರೇಟ್ಸ್ ವಿಮಾನ ಸಂಸ್ಥೆ 2020ರ ಜುಲೈಯಲ್ಲಿ ತನ್ನ ಪ್ರಯಾಣಿಕರಿಗೆ ಕೊರೋನಾ ಬಂದರೆ ಒಂದೂವರೆ ಲಕ್ಷ ಯೂರೋ ತನಕ ವೈದ್ಯಕೀಯ ಖರ್ಚು, ಬೇರೆ ಇರಿಸಿದರೆ ದಿನಕ್ಕೆ 100 ಯೂರೋದಂತೆ 14 ದಿನ, ಎಲ್ಲ ಪುಕ್ಕಟೆ ಎಂದು ಸಾರಿತು. ಥೈಲ್ಯಾಂಡ್ ದೇಶ ಕೊರೋನಾ ಸೇರಿದ 1 ಲಕ್ಷ ಡಾಲರಿನ ವಿಮೆ ಇಲ್ಲದವರನ್ನು ಒಳಗೇ ಬಿಡಲಿಲ್ಲ. 2021ರ ನವೆಂಬರಿನಲ್ಲಿ ಅದನ್ನು 50,000ಕ್ಕೆ ಇಳಿಸಿ, 2022ರಲ್ಲಿ ಷರತ್ತನ್ನೇ ತೆಗೆಯಿತು. ವಿಮಾನದ ಟಿಕೆಟಿನ ಹಣಕ್ಕಾಗಿ ನಮ್ಮಲ್ಲಿ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಲಾಕ್‌ಡೌನಿನಲ್ಲಿ ತೆಗೆದ ಅದೇ ಅವಧಿಯ ಟಿಕೆಟಿಗೆ ಪೂರ್ತಿ ಹಣ ಮರಳಿಸಬೇಕು ಎಂದು 2020ರ ಅಕ್ಟೋಬರ್ 1ರಂದು ತೀರ್ಪಾಯಿತು.

ಇಷ್ಟೆಲ್ಲ ಹೇಳಿದೆ. ಗಡಿಯಲ್ಲಿ ಇರುವವರಿಗೆ ಮಾತ್ರ ಇವುಗಳಿಗಿಂತ ದೊಡ್ಡದೊಂದು ಪ್ರಶ್ನೆ ಇದೆ. ಅದು ಹದಿನೈದು ಇಪ್ಪತ್ತು ಮೈಲಿಯ ಪ್ರವಾಸದ ಪ್ರಶ್ನೆ.

ಕಾಸರಗೋಡಿನ ಕನ್ನಡಿಗರ ಉದಾಹರಣೆ ಕೇಳಿ. ಕಾಸರಗೋಡು ಕೇರಳದಲ್ಲಿದೆ, ದೊಡ್ಡ ದವಾಖಾನೆ ಬೇಕೆಂದರೆ ತಲತಲಾಂತರದಿಂದ ಮಂಗಳೂರಿಗೆ ಹೋಗುತ್ತಾರೆ. 2020ರ ಮಾರ್ಚಿನಲ್ಲಿ ಕಾಸರಗೋಡಿನಲ್ಲಿ ರೋಗ ಹೆಚ್ಚಿತು ಎಂದು ಕರ್ನಾಟಕವು ತಲಪಾಡಿಯ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಕೊರೋನಾ ಅಲ್ಲದ ರೋಗಿಗಳು, ಹೃದಯದ ತೊಂದರೆ ಇದ್ದವರು, ಡಯಾಲಿಸಿಸ್ ಆಗಬೇಕಾದವರು, ಆಂಬುಲೆನ್ಸಿನಲ್ಲೇ ಮರಳಿದರು. ಹಲವರು ತೀರಿಕೊಂಡರು. ಕೇರಳ ಹೈಕೋರ್ಟು ಏಪ್ರಿಲ್ 1ರಂದು ದಾರಿ ತೆರೆಸಿ ಎಂದಿತು, ಮಾತು ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲ್ 7ಕ್ಕೆ ಎರಡೂ ರಾಜ್ಯಗಳು ತುರ್ತು ರೋಗಿಗಳಿಗೆ ಒಂದು ವ್ಯವಸ್ಥೆಗೆ ಒಪ್ಪಿದವು ಎಂದು ತಿಳಿಸಲಾಯಿತು. ಆ ರೋಗಿಗಳಲ್ಲಿ ಯಾರ ಕೈಯಲ್ಲಿ ಐದು ಲಕ್ಷದ ಪಾಲಿಸಿ ಇತ್ತು, ಯಾರ ಕೈಯಲ್ಲಿ ಇರಲಿಲ್ಲ ಎಂಬುದರಿಂದ ಏನೂ ಫರಕು ಆಗುತ್ತಿರಲಿಲ್ಲ. ವಿಮೆ ಖರ್ಚು ಕೊಟ್ಟೀತು, ದಾರಿ ತೆರೆಯಲಾರದು.

ನಮ್ಮ ಕಡೆಯೂ ದೂರದ ಮಾತಲ್ಲ ಅದು. ಗಡಹಿಂಗ್ಲಜ, ಚಂದಗಡದ ಮಂದಿ ಬೇನೆ ದೊಡ್ಡದಾದರೆ ಕೊಲ್ಹಾಪುರಕ್ಕೂ ಹೋಗುತ್ತಾರೆ, ಬೆಳಗಾವಿಗೂ ಹೋಗುತ್ತಾರೆ. ಸಂತೆಗೆ ಸಂಕೇಶ್ವರ, ಬೀಗರ ಮನೆ ಹುಕ್ಕೇರಿ. 2020ರ ಮೇ ತಿಂಗಳಲ್ಲಿ ಕರ್ನಾಟಕ ಮಹಾರಾಷ್ಟ್ರದವರಿಗೆ ಪ್ರವೇಶ ನಿಲ್ಲಿಸಿತು. ಆಗ ಮುಂಬಯಿ, ಪುಣೆಯಿಂದ ಊರಿಗೆ ಮರಳಿದವರು ಶಾಲೆಯ ಕೋಣೆಗಳಲ್ಲಿ ದಿನ ಎಣಿಸುತ್ತಿದ್ದರು. 2021ರಲ್ಲಿ ನಿಪ್ಪಾಣಿಯ ಹತ್ತಿರ ಕೊಗನೊಳ್ಳಿ ನಾಕಾದಲ್ಲಿ 72 ಗಂಟೆಯೊಳಗಿನ ಪರೀಕ್ಷೆಯ ಕಾಗದ ಕೇಳಿದರು. ಆ ಪರೀಕ್ಷೆಯ ಖರ್ಚಿಗೆ ಯಾವ ವಿಮೆಯೂ ಇರಲಿಲ್ಲ. ಹೊಲ ಆಚೆಗೆ, ಮನೆ ಈಚೆಗೆ ಇದ್ದವರ ಫಜೀತಿಯನ್ನು ನಾನು ಬೇರೆ ವರ್ಣಿಸಬೇಕಿಲ್ಲ.

ಸರಕಾರಿ ಆರೋಗ್ಯ ಯೋಜನೆಗಳ ಗೆರೆಯೂ ಗಡಿಯ ಗೆರೆಯೇ. ಮಹಾರಾಷ್ಟ್ರದಲ್ಲಿ ಮಹಾತ್ಮಾ ಜ್ಯೋತಿರಾವ ಫುಲೆ ಜನ ಆರೋಗ್ಯ ಯೋಜನೆ ಇದೆ. ಮುಖ್ಯವಾಗಿ ಹಳದಿ ಮತ್ತು ಕೇಸರಿ ರೇಷನ್ ಕಾರ್ಡಿನವರಿಗೆ ಎಂದಿದ್ದುದನ್ನು 2020ರ ಮೇ ತಿಂಗಳಲ್ಲಿ ಬಿಳಿ ಕಾರ್ಡಿನವರಿಗೂ ತೆರೆದರು. ಪಿಡುಗಿನ ಕಾಲದಲ್ಲಿ ಆದ ಒಳ್ಳೆಯ ಬದಲಾವಣೆಗಳಲ್ಲಿ ಇದನ್ನು ನಾನು ಮೇಲಕ್ಕೆ ಇಡುತ್ತೇನೆ. ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷ ಇದ್ದುದನ್ನು 5 ಲಕ್ಷಕ್ಕೆ ಏರಿಸುವ ತೀರ್ಮಾನ 2023ರಲ್ಲಿ ಆಯಿತು. ಕರ್ನಾಟಕದಲ್ಲಿ 2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಇದೆ. ಇಬ್ಬರೂ ರೇಷನ್ ಕಾರ್ಡು ನೋಡುತ್ತಾರೆ. 2023ರಲ್ಲಿ ಮಹಾರಾಷ್ಟ್ರವು ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ತನ್ನ ಯೋಜನೆ ಕೊಡುತ್ತೇನೆ ಎಂದಾಗ ಕರ್ನಾಟಕ ವಿರೋಧಿಸಿತು. ಆ ವಾದದ ಒಳಹೊಕ್ಕು ನೋಡುವುದು ಈ ಭಾಷಣದ ಕೆಲಸವಲ್ಲ. ನನಗೆ ಕಾಣುವುದು ಇನ್ನೊಂದು ಸಣ್ಣ ಸಂಗತಿ.

ಮಹಾಗಾಂವದ ಒಬ್ಬ ಹುಡುಗಿಯನ್ನು ಹುಕ್ಕೇರಿಗೆ ಕೊಟ್ಟಿದ್ದೀರಿ ಎಂದು ಇಟ್ಟುಕೊಳ್ಳಿ. ಮದುವೆಯಾದ ಮೇಲೆ ತವರಿನ ಕಾರ್ಡಿನಿಂದ ಹೆಸರು ತೆಗೆಸುತ್ತೀರಿ. ಗಂಡನ ಮನೆಯ ಕಾರ್ಡಿಗೆ ಹೆಸರು ಸೇರಲು ತಿಂಗಳುಗಟ್ಟಲೆ ಹಿಡಿಯಬಹುದು, ಕೆಲವೊಮ್ಮೆ ವರ್ಷವೂ. ಆ ನಡುವೆ ಆಕೆ ಎರಡೂ ಸರಕಾರಗಳ ಲೆಕ್ಕದಲ್ಲಿ ಇಲ್ಲ. ಬಾಣಂತನಕ್ಕೆ ತವರಿಗೆ ಬಂದಳು, ಜ್ವರ ಬಂತು, ಇಲ್ಲಿಯ ದವಾಖಾನೆಯಲ್ಲಿ ಕಾರ್ಡು ಕೇಳಿದರು ಎಂದರೆ ಏನು ತೋರಿಸುವುದು? ಹೆಸರು ತೆಗೆಸಿದ ದಾಖಲೆಯನ್ನು ಆ ವಾರವೇ ಬೀಗರ ಕೈಗೆ ಕೊಟ್ಟು, ಅಲ್ಲಿಯ ಕಚೇರಿಗೆ ಅರ್ಜಿ ಹಾಕಿಸಿ. ಸೀರೆ, ಬಂಗಾರದಷ್ಟೇ ಮುಖ್ಯವಾದದ್ದು ಅದು.

ಹೆಸರಿನ ಮಾತು ಬಂತು. ಶಾಲೆಯ ದಾಖಲೆ ಕನ್ನಡದಲ್ಲಿ, ಆಧಾರ ಮರಾಠಿಯಲ್ಲಿ, ಪಾಲಿಸಿ ಇಂಗ್ಲಿಷಿನಲ್ಲಿ. ಒಂದರಲ್ಲಿ ಬಸವರಾಜ, ಇನ್ನೊಂದರಲ್ಲಿ ಬಸಗೌಂಡಾ, ಮತ್ತೊಂದರಲ್ಲಿ ಅಪ್ಪಾಸಾಹೇಬ. ಒಂದೇ ಮನುಷ್ಯ, ಊರಿಗೆಲ್ಲ ಗೊತ್ತು, ಕಂಪನಿಗೆ ಗೊತ್ತಿಲ್ಲ. ಸಾವಿನ ದಾಖಲೆಯಂತೂ ಸಾವು ಸಂಭವಿಸಿದ ಊರಿನಲ್ಲೇ ಆಗಬೇಕು, 1969ರ ಕಾಯ್ದೆಯ ಪ್ರಕಾರ. ಬೆಳಗಾವಿಯ ದವಾಖಾನೆಯಲ್ಲಿ ತೀರಿಕೊಂಡರೆ ಬೆಳಗಾವಿಯ ದಾಖಲೆ. ಅಲ್ಲಿ ಹೆಸರು ಬರೆಸುವಾಗ ದುಃಖದಲ್ಲಿ ಯಾರೋ ಮನೆಯಲ್ಲಿ ಕರೆಯುವ ಹೆಸರು ಹೇಳಿಬಿಡುತ್ತಾರೆ. ಆಮೇಲೆ ತಿದ್ದಿಸಲು ಗಡಿ ದಾಟಿ ಹತ್ತು ಸಲ ಅಲೆಯಬೇಕು. ಆಧಾರದ ಝೆರಾಕ್ಸ್ ನೋಡಿ ಅಕ್ಷರಕ್ಕೆ ಅಕ್ಷರ ಬರೆಸಬೇಕು. 2021ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಒಪ್ಪಿದ, ಕೊರೋನಾ ಸಾವಿಗೆ 50,000 ರೂಪಾಯಿ ಕೊಡುವ ನೆರವು ಎಷ್ಟೋ ಮನೆಗಳಿಗೆ ತಡವಾದದ್ದು ಇಂಥ ಕಾಗದಗಳಿಂದಲೇ. ಅದು ವಿಮೆ ಅಲ್ಲ, ಸಹಾಯಧನ. ವಿಮೆ ಇದ್ದವರಿಗೂ ಅದು ಬೇರೆಯಾಗಿ ಬರಬೇಕಾದದ್ದು.

ಕಾರಖಾನೆಗೆ ಹೋಗುವ ಮಕ್ಕಳ ತಂದೆತಾಯಿಗಳಿಗೆ ಒಂದು ಮಾತು. ಕಾಗಲ, ಗೋಕುಳ ಶಿರಗಾಂವ, ಇಚಲಕರಂಜಿ, ಪುಣೆ, ಎಲ್ಲೇ ಇರಲಿ, ಪಗಾರದಿಂದ ಪಿ.ಎಫ್. ಕಡಿತವಾಗುತ್ತಿದ್ದರೆ ಅದರ ಜೊತೆ ಒಂದು ಜೀವವಿಮೆ ಇದೆ. ಕಾರ್ಮಿಕ ಅದಕ್ಕೆ ಒಂದು ಪೈಸೆ ಕಟ್ಟುವುದಿಲ್ಲ, ಮಾಲಕ ಕಟ್ಟುತ್ತಾನೆ. ನೌಕರಿಯಲ್ಲಿದ್ದಾಗ ತೀರಿಕೊಂಡರೆ, ಕಾರಣ ಏನೇ ಇರಲಿ, ಮನೆಯವರಿಗೆ ಹಣ ಬರಬೇಕು. 2021ರ ಏಪ್ರಿಲಿನಲ್ಲಿ, ಎರಡನೆಯ ಅಲೆಯ ನಡುವೆ, ಅದರ ಮಿತಿಯನ್ನು 7 ಲಕ್ಷಕ್ಕೆ ಏರಿಸಿದರು. ಇ.ಎಸ್.ಐ. ಇದ್ದ ಕಾರ್ಮಿಕರು ಕೊರೋನಾದಿಂದ ಸತ್ತರೆ ಅವರ ದಿನದ ಪಗಾರದ ನೂರರಲ್ಲಿ 90ರಷ್ಟನ್ನು ಅವಲಂಬಿತರಿಗೆ ಕೊಡುವ ಯೋಜನೆಯೂ ಆಗ ಬಂತು. ಆಶಾ ಕಾರ್ಯಕರ್ತೆಯರೂ ಸೇರಿ 22 ಲಕ್ಷ ಆರೋಗ್ಯ ಸೇವಕರಿಗೆ 50 ಲಕ್ಷದ ವಿಮೆಯನ್ನು ಕೇಂದ್ರ ಸರಕಾರ 2020ರ ಮಾರ್ಚ್ 30ರಿಂದ ಕೊಟ್ಟಿತು. ಮನೆಮನೆಗೆ ನಡೆದು ಜ್ವರ ಕೇಳಿದ ಆ ಹೆಣ್ಣುಮಕ್ಕಳ ಗೌರವಧನ ನೋಡಿದರೆ, ಬದುಕಿದ್ದಾಗ ಕೊಡುವುದಕ್ಕೂ ಸತ್ತ ಮೇಲೆ ಕೊಡುವುದಕ್ಕೂ ಇಷ್ಟು ಅಂತರ ಯಾಕೆ ಎಂದು ಕೇಳಬೇಕೆನಿಸುತ್ತದೆ.

ಪಿಡುಗು ಹೋದ ಮೇಲೆ ಉಳಿದ ಕೆಲವು ಬದಲಾವಣೆಗಳಿವೆ. ನಗದಿಲ್ಲದ ಚಿಕಿತ್ಸೆಗೆ ಒಪ್ಪಿಗೆ ಕೊಡಲು 2020ರಲ್ಲಿ ಎರಡು ಗಂಟೆ ಎಂದಿದ್ದರು, 2021ರಲ್ಲಿ ಕೊರೋನಾ ರೋಗಿಗಳಿಗೆ ಒಂದು ಗಂಟೆ ಮಾಡಿದರು; 2024ರಲ್ಲಿ ಎಲ್ಲ ರೋಗಿಗಳಿಗೂ ಒಂದು ಗಂಟೆ, ಮನೆಗೆ ಬಿಡುವಾಗ ಮೂರು ಗಂಟೆ ಎಂದು ನಿಯಮವಾಯಿತು. 65 ದಾಟಿದವರಿಗೆ ಹೊಸ ಆರೋಗ್ಯ ವಿಮೆ ಇಲ್ಲ ಎನ್ನುವ ಹಾಗಿಲ್ಲ. ಎಪ್ಪತ್ತು ತುಂಬಿದ ಹಿರಿಯರಿಗೆ, ಕಾರ್ಡಿನ ಬಣ್ಣ ನೋಡದೆ, 5 ಲಕ್ಷದ ಆಯುಷ್ಮಾನ್ ಕಾರ್ಡು ಕೊಡುವುದು 2024ರ ಅಕ್ಟೋಬರಿನಿಂದ ಶುರುವಾಗಿದೆ. ನಿಮ್ಮ ಮನೆಯ ಅಜ್ಜ ಅಜ್ಜಿಯ ಆಧಾರ ತೆಗೆದುಕೊಂಡು ಹೋಗಿ ಮಾಡಿಸಿ. ವೈಯಕ್ತಿಕ ಆರೋಗ್ಯ ಮತ್ತು ಜೀವವಿಮೆಯ ಹಪ್ತಾದ ಮೇಲಿನ 18ರಷ್ಟು ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಹೋಗಿದೆ.

ಕೊನೆಗೆ ಜೀವನಜ್ಯೋತಿ, ಸುರಕ್ಷಾ ಎರಡೂ ಇದ್ದವರಿಗೆ ಒಂದು ನೆನಪು. 2022ರಿಂದ ಅವುಗಳ ಹಪ್ತಾ 436 ಮತ್ತು 20 ರೂಪಾಯಿ. ವಿಮೆಯ ವರ್ಷ ಜೂನ್ 1ಕ್ಕೆ ಶುರುವಾಗುತ್ತದೆ, ಹಣ ಮೇ ಕೊನೆಯಲ್ಲಿ ಕಡಿತವಾಗುತ್ತದೆ. ನಮ್ಮಲ್ಲಿ ಮೇ ಎಂದರೆ ಮದುವೆಯ ಖರ್ಚು, ಬಿತ್ತನೆಯ ಬೀಜ, ಗೊಬ್ಬರ; ಖಾತೆ ಖಾಲಿಯಾಗುವ ತಿಂಗಳು ಅದೇ. ಹಣ ಇಲ್ಲದಿದ್ದರೆ ವಿಮೆ ಅಲ್ಲಿಗೇ ನಿಲ್ಲುತ್ತದೆ, ಎಷ್ಟೋ ಸಲ ಮನೆಯವರಿಗೆ ಗೊತ್ತೂ ಆಗುವುದಿಲ್ಲ. ಮತ್ತೆ ಸೇರಿದರೆ ಆ 30 ದಿನ ಮತ್ತೆ ಕಾಯಬೇಕು. ಮೇ 20ರ ಹೊತ್ತಿಗೆ ಖಾತೆಯಲ್ಲಿ 456 ರೂಪಾಯಿ ಬಿಟ್ಟಿರಿ. ಜೂನ್ ಮೊದಲ ವಾರ ಪಾಸ್‌ಬುಕ್ ಒಯ್ದು ಎಂಟ್ರಿ ಮಾಡಿಸಿ, ಎರಡೂ ಕಡಿತವಾಗಿವೆಯೇ ನೋಡಿ. ಪಾಸ್‌ಬುಕ್ ಎಲ್ಲಿದೆ ಎಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಲಿ.